ಪ್ರವೇಶ ಪರೀಕ್ಷೆಯ ಇಂಗ್ಲೀಷು: ಮ್ಯಾಟ್ರಿಕ್ಯುಲೇಶನ್ನಿನಿಂದ ಜಿ.ಆರ್.ಇ.ವರೆಗೆ

ನಿಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲಿ ಅಜ್ಜನದೋ ಮುತ್ತಜ್ಜನದೋ ಮ್ಯಾಟ್ರಿಕ್ ಸರ್ಟಿಫಿಕೇಟು ಉಳಿದಿದ್ದರೆ ಒಮ್ಮೆ ಹೊರಗೆ ತೆಗೆದು ನೋಡಿರಿ. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಮನೆಗಳಲ್ಲಿ ಅದು ಮುಂಬಯಿ ವಿಶ್ವವಿದ್ಯಾಲಯದ ಹೆಸರಿನಲ್ಲಿರುತ್ತದೆ. ಅಜ್ಜ ಓದಿದ ಶಾಲೆಯ ಹೆಸರಿನಲ್ಲಿ ಅಲ್ಲ. ಶಾಲೆಯ ಕೊನೆಯ ಪರೀಕ್ಷೆಗೆ ವಿಶ್ವವಿದ್ಯಾಲಯ ಯಾಕೆ ಮುದ್ರೆಯೊತ್ತಬೇಕು ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದುಂಟು. ಉತ್ತರ ಆ ಶಬ್ದದಲ್ಲಿಯೇ ಇದೆ. ಲ್ಯಾಟಿನ್ ಭಾಷೆಯಲ್ಲಿ ‘ಮ್ಯಾಟ್ರಿಕ್ಯುಲಾ’ ಎಂದರೆ ಹೆಸರು ಬರೆದಿಡುವ ಪಟ್ಟಿ, ದಫ್ತರು. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು ಏರಿಸಿಕೊಳ್ಳಲು ಇವನು ಯೋಗ್ಯನೋ ಅಲ್ಲವೋ ಎಂದು ನೋಡುವ ಪರೀಕ್ಷೆಯೇ ಮ್ಯಾಟ್ರಿಕ್ಯುಲೇಶನ್. ಶಾಲೆ ಮುಗಿಯಿತೆಂದು ಹೇಳುವ ಪರೀಕ್ಷೆ ಅದಾಗಿರಲಿಲ್ಲ. ಮುಂದಿನ ಮನೆಯ ಬಾಗಿಲ ಪರೀಕ್ಷೆಯಾಗಿತ್ತು. ನಮ್ಮ ಹಿರಿಯರು ‘ನಾನ್‌ಮ್ಯಾಟ್ರಿಕ್’ ಎಂಬುದನ್ನೂ ಒಂದು ಪದವಿಯಂತೆ ಹೇಳಿಕೊಳ್ಳುತ್ತಿದ್ದರು. ಬಾಗಿಲವರೆಗೆ ಹೋಗಿ ಬಂದಿದ್ದೇನೆ ಎಂಬುದು ಅದರ ಅರ್ಥ.

ಈ ಹಳೆಯ ಸಂಗತಿ ನನಗೆ ನೆನಪಾದುದಕ್ಕೆ ಕಾರಣ ಒಬ್ಬ ಹುಡುಗಿ. ನಮ್ಮ ಊರು ಹತ್ತರಗಿ, ಹುಕ್ಕೇರಿ ತಾಲೂಕು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋದವರು ಟೋಲ್ ನಾಕೆಯ ನೆವದಿಂದಲಾದರೂ ನಮ್ಮ ಊರಿನ ಹೆಸರನ್ನು ಓದಿರುತ್ತಾರೆ. ಈ ಹುಡುಗಿ ನನ್ನ ಕೈಯಲ್ಲಿ ಮೂರು ವರ್ಷ ಕನ್ನಡ ಓದಿ, ಮುಂದೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿದಳು. ಅಮೇರಿಕೆಯಲ್ಲಿ ಎಂ.ಎಸ್. ಓದಬೇಕೆಂದು ಅವಳ ಹಟ. ಅದಕ್ಕೆ ಜಿ.ಆರ್.ಇ. ಎಂಬ ಪ್ರವೇಶ ಪರೀಕ್ಷೆ ಬೇಕು. ಅದರ ಫೀ ಇಪ್ಪತ್ತು ಸಾವಿರ ರೂಪಾಯಿಗೆ ಮೇಲೆ. ಅವಳ ತಂದೆ ಕಬ್ಬಿನ ಬಿಲ್ಲು ಬಂದ ಮೇಲೆ ಹಣ ಕೊಟ್ಟು, ‘ಒಂದ್ ಸಲ ಬರಿ, ಆಗಲಿಲ್ಲಂದ್ರ ಮದವಿ ಮಾತ ಆಡೂಣು’ ಎಂದನಂತೆ. ಮನೆಯಲ್ಲಿಯೇ ಕುಳಿತು ಬರೆದ ಮಾದರಿ ಪರೀಕ್ಷೆಯಲ್ಲಿ ಗಣಿತದ ಅಂಕಗಳು ಚೆನ್ನಾಗಿಯೇ ಬಂದವು, ಇಂಗ್ಲೀಷಿನದು ೧೪೨. ಆ ಅಂಕದ ಲೆಕ್ಕವನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಅದು ಕಡಿಮೆ ಎಂದು ತಿಳಿದರೆ ಸಾಕು.

ಒಂದು ಭಾನುವಾರ ಮುಂಜಾನೆ ಅವಳು ನಮ್ಮ ಮನೆಗೆ ಬಂದಳು. ‘ನನ್ನ ಇಂಗ್ಲೀಷು ಎಷ್ಟೈತಿ ಅಂತ ನಿನಗ ಗೊತ್ತೈತೆಲ್ಲ ತಂಗಿ, ನನ್ನ ಕಡೆ ಯಾಕ ಬಂದಿ?’ ಎಂದೆ. ‘ಇಂಗ್ಲೀಷ್ ಕಲಸ್ರಿ ಅಂತ ಬಂದಿಲ್ರಿ ಸರ್. ಶಬ್ದ ಎಲ್ಲಾ ಪಾಠ ಆಗ್ಯಾವ್ರಿ. ವಾಕ್ಯದಾಗ ಬಂದ್ರ ಗುರ್ತ ಹತ್ತುದಿಲ್ರಿ. ಒಂಬತ್ತನೇ ಕ್ಲಾಸಿನ್ಯಾಗ ಹಳಗನ್ನಡ ಪದ್ಯ ಬಿಡಿಸಿ ಹೇಳ್ತಿದ್ರೆಲ್ಲ, ಹಂಗ ಇದನ್ನ ಬಿಡಸಾಕ ಬರ್ತೈತೇನ ನೋಡ್ರಿ’ ಎಂದಳು.

ಅವಳು ತಂದ ಪುಸ್ತಕವನ್ನು ತಿರುವಿ ಹಾಕುತ್ತಿದ್ದಾಗ ನನಗೆ ಅನಿಸಿದ್ದು ಇಷ್ಟು: ಈ ಬಾಗಿಲ ಮುಂದೆ ನಮ್ಮ ಸೀಮೆಯವರು ನಿಲ್ಲುತ್ತಿರುವುದು ಇದೇ ಮೊದಲ ಸಲವಲ್ಲ. ನೂರಾ ಅರವತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ನಿಂತಿದ್ದೇವೆ. ಆ ಕಥೆಯನ್ನು ಮೊದಲು ಕೇಳಿರಿ.

ಕಲಕತ್ತೆ, ಮದರಾಸು, ಮುಂಬಯಿಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದುದು ೧೮೫೭ರಲ್ಲಿ. ಮುಂಬಯಿಯದು ಆ ವರ್ಷದ ಜುಲೈ ೧೮ರಂದು. ಮೂರಕ್ಕೂ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಅಂದರೆ ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಹೀಗಾಗಿ ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಎಂಬುದು ಹುಟ್ಟುವಾಗಲೇ ಪರೀಕ್ಷೆಯ ರೂಪದಲ್ಲಿ ಹುಟ್ಟಿತು. ಮುಂಬಯಿಯ ಮೊದಲ ಮ್ಯಾಟ್ರಿಕ್ಯುಲೇಶನ್ ೧೮೫೯ರಲ್ಲಿ ನಡೆಯಿತು. ಕುಳಿತವರಲ್ಲಿ ಬಹುಪಾಲು ಜನ ದಾಟಲಿಲ್ಲ. ದಾಟಿದವರು ಇಪ್ಪತ್ತರ ಆಸುಪಾಸು. ಅವರಲ್ಲಿ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ ಇದ್ದರು. ೧೮೬೨ರಲ್ಲಿ ಮೊದಲ ಬಿ.ಎ. ಪರೀಕ್ಷೆಯಾದಾಗ ತೇರ್ಗಡೆಯಾದ ನಾಲ್ವರಲ್ಲಿಯೂ ಇವರಿಬ್ಬರಿದ್ದರು. ಆ ಕಾಲಕ್ಕೆ ಮುಂಬಯಿಗೆ ಹೋಗಿ ಸೇರುವುದೇ ಒಂದು ಪರೀಕ್ಷೆ. ಮುಂಬಯಿ-ಪುಣೆಗಳ ನಡುವೆ ಬೋರ್ ಘಾಟಿನ ರೈಲು ಮಾರ್ಗ ಪೂರ್ತಿಯಾದುದು ೧೮೬೩ರಲ್ಲಿ. ಅದಕ್ಕೂ ಮೊದಲು ಘಾಟಿನ ಕೆಳಗೊಂದು ರೈಲು, ಮೇಲೊಂದು ರೈಲು, ನಡುವೆ ಪಾಲಕಿಯೋ ಕುದುರೆಯೋ. ಬೆಳಗಾವಿ ಕಡೆಯವರಿಗೆ ಪುಣೆಯವರೆಗೆ ರೈಲೇ ಇರಲಿಲ್ಲ. ಅದು ಬಂದುದು ಆ ಶತಮಾನದ ಕೊನೆಯ ಭಾಗಕ್ಕೆ.

ರಾನಡೆಯವರ ವಿಷಯದಲ್ಲಿ ಒಂದು ಪ್ರಸಂಗವನ್ನು ಅವರ ಚರಿತ್ರಕಾರರು ದಾಖಲಿಸಿದ್ದಾರೆ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಇಂಗ್ಲೀಷಿನಲ್ಲಿ ಒಂದು ಪ್ರಬಂಧ ಬರೆದು, ಮರಾಠರ ಆಳಿಕೆಯನ್ನೂ ಬ್ರಿಟಿಷರ ಆಳಿಕೆಯನ್ನೂ ಹೋಲಿಸಿ, ತಮಗೆ ಸರಿದೋರಿದಂತೆ ಮರಾಠರ ಪಕ್ಷ ಹಿಡಿದರು. ಪ್ರಾಂಶುಪಾಲ ಸರ್ ಅಲೆಕ್ಸಾಂಡರ್ ಗ್ರಾಂಟ್ ಅವರ ವಿದ್ಯಾರ್ಥಿವೇತನವನ್ನು ಆರು ತಿಂಗಳು ನಿಲ್ಲಿಸಿದರು. ಇಂಗ್ಲೀಷು ಚೆನ್ನಾಗಿತ್ತು, ಅಭಿಪ್ರಾಯ ಚೆನ್ನಾಗಿರಲಿಲ್ಲ ಎಂದಂತಾಯಿತು. ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ನಮಗೆ ಬೇಕಾಗುತ್ತದೆ.

ಇನ್ನು ನಮ್ಮ ಕಡೆಯ ಮಾತು. ಮರಾಠಿಯ ಹುಡುಗನಿಗೆ ಒಂದು ಬಾಗಿಲಿದ್ದರೆ ಕನ್ನಡದ ಹುಡುಗನಿಗೆ ಎರಡು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ನಮ್ಮ ಜಿಲ್ಲೆಗಳ ಸರಕಾರಿ ಸಾಲೆಗಳಲ್ಲಿ, ಕಚೇರಿಗಳಲ್ಲಿ ಮರಾಠಿಯದೇ ದರ್ಬಾರು. ಮನೆಯಲ್ಲಿ ಕನ್ನಡ ಮಾತಾಡಿ, ಸಾಲೆಯಲ್ಲಿ ಮರಾಠಿ ಓದಿ, ಆ ಮರಾಠಿಯ ಮೂಲಕ ಇಂಗ್ಲೀಷು ಕಲಿಯಬೇಕು. ತರ್ಖಡಕರರ ಭಾಷಾಂತರ ಪಾಠಮಾಲೆಯನ್ನು ಹಿಡಿದು ಇಂಗ್ಲೀಷು ಕಲಿತ ಹಿರಿಯರು ನಮ್ಮ ಕಡೆ ಬಹಳ ಜನ. ಶಿಕ್ಷಣ ಖಾತೆಯ ಡೆಪ್ಯೂಟಿ ಚನ್ನಬಸಪ್ಪನವರು ಊರೂರು ಸುತ್ತಿ ಮರಾಠಿ ಸಾಲೆಗಳಿದ್ದಲ್ಲಿ ಕನ್ನಡ ಸಾಲೆಗಳನ್ನು ತೆರೆಯಿಸಿದ ಮೇಲೆ ಈ ಎರಡು ಬಾಗಿಲುಗಳಲ್ಲಿ ಒಂದು ಮೆಲ್ಲಗೆ ಕಳಚಿತು. ಇದೇ ಚನ್ನಬಸಪ್ಪನವರು ೧೮೭೧ರಲ್ಲಿ ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. ಕನ್ನಡ ಸಾಲೆಗಾಗಿ ಹೋರಾಡಿದವರು ಇಂಗ್ಲೀಷು ಬಾರದವರಾಗಿದ್ದರೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು.

ಸಾಲೆ ಕನ್ನಡವಾಯಿತು, ಪರೀಕ್ಷೆ ಇಂಗ್ಲೀಷಾಗಿಯೇ ಉಳಿಯಿತು. ಅದನ್ನು ದಾಟಿದವರಿಗೂ ಮುಂದೆ ಕಾಲೇಜು ಎಲ್ಲಿದೆ? ಪುಣೆಯ ಡೆಕ್ಕನ್ ಅಥವಾ ಫರ್ಗ್ಯುಸನ್, ಇಲ್ಲವೆ ಕೊಲ್ಲಾಪುರದ ರಾಜಾರಾಮ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು ೧೯೧೭ರಲ್ಲಿ. ಹಳ್ಳಿಯ ಹುಡುಗರಿಗೆ ಅನ್ನ-ವಸತಿಯ ಪ್ರಶ್ನೆ ಬೇರೆ. ೧೮೮೩ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯನ್ನು ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯರು ೧೯೦೬ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಉತ್ಪನ್ನವನ್ನು ವಿದ್ಯೆಗೆ ಬಿಟ್ಟುಕೊಟ್ಟರು. ೧೯೧೬ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದುದೂ ಒಂದು ಹೈಸ್ಕೂಲಿನಿಂದಲೇ. ನಮ್ಮ ತಾಲೂಕಿನ ಹಿಡಕಲ್ ಜಲಾಶಯಕ್ಕೆ ಯಾರ ಹೆಸರಿದೆಯೋ ಆ ವಂಟಮುರಿಯ ರಾಜಾ ಲಖಮಗೌಡರ ಹೆಸರು ಬೆಳಗಾವಿಯ ವಿಜ್ಞಾನ ಕಾಲೇಜಿಗೂ ಕಾನೂನು ಕಾಲೇಜಿಗೂ ಇದೆ. ಇವರೆಲ್ಲರೂ ಮಾಡಿದ್ದು ಒಂದೇ ಕೆಲಸ. ಬಾಗಿಲನ್ನು ಅವರು ಬದಲಾಯಿಸಲಾರರು. ಬಾಗಿಲವರೆಗಿನ ಹಾದಿಗೆ ಅನ್ನ, ದೀಪ, ಪುಸ್ತಕ ಇಟ್ಟರು.

ಆ ಹಾದಿಯಲ್ಲಿ ನಡೆದವರಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಗೋಕಾಕ ತಾಲೂಕಿನ ಮಮದಾಪುರ ಎಂಬ ಹಳ್ಳಿಯಲ್ಲಿ ೧೮೯೯ರಲ್ಲಿ ದಾದಪ್ಪ ಚಿಂತಪ್ಪ ಪಾವಟೆಯವರು ಹುಟ್ಟಿದರು, ಬಡ ಮನೆತನ. ಹೊಸದಾಗಿ ತೆರೆದಿದ್ದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ಇಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸೇರಿ, ಅಲ್ಲಿ ‘ರ‍್ಯಾಂಗ್ಲರ್’ ಆದರು. ಕೇಂಬ್ರಿಜ್ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರಿಗೆ ಆ ಹೆಸರು. ಮುಂದೆ ಮುಂಬಯಿ ಪ್ರಾಂತದ ವಿದ್ಯಾಧಿಕಾರಿಗಳಾಗಿ, ೧೯೫೪ರಿಂದ ೧೯೬೭ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಆಮೇಲೆ ಪಂಜಾಬಿನ ರಾಜ್ಯಪಾಲರಾಗಿ ದುಡಿದರು. ಶಿಕ್ಷಣ ಖಾತೆಯ ತಮ್ಮ ಅನುಭವಗಳನ್ನು ಅವರು ೧೯೬೪ರಲ್ಲಿ ಇಂಗ್ಲೀಷಿನಲ್ಲಿ ಒಂದು ಪುಸ್ತಕವಾಗಿ ಬರೆದಿದ್ದಾರೆ. ಅವರ ಹೆಸರಿನ ಪ್ರತಿಷ್ಠಾನ ಇಂದಿಗೂ ನಮ್ಮ ಕಡೆಯ ಪದವೀಧರರನ್ನು ಕೇಂಬ್ರಿಜ್ಜಿಗೆ ಕಳಿಸುವ ವ್ಯಾಸಂಗವೇತನದಿಂದ ಪ್ರಸಿದ್ಧವಾಗಿದೆ. ಘಟಪ್ರಭೆಯ ಸೀಮೆಯಿಂದ ಕೇಂಬ್ರಿಜ್‌ವರೆಗೆ ಹೋದ ಈ ಹಾದಿಯನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ಕೇಳುವುದು ಒಂದೇ ಪ್ರಶ್ನೆ: ‘ಸರ್, ಅವರು ಕನ್ನಡ ಸಾಲಿಗೆ ಹೋಗಿದ್ರೇನ್ರಿ?’ ಆ ಕಾಲದಲ್ಲಿ ಹಳ್ಳಿಯಲ್ಲಿ ಬೇರೆ ಯಾವ ಸಾಲೆ ಇತ್ತು ಹೇಳಿರಿ!

ಊರಿನ ಹೆಸರೇ ಮನೆತನದ ಹೆಸರಾಗಿದ್ದ ಇನ್ನೊಬ್ಬರನ್ನು ಇಲ್ಲಿ ಬಿಡಬಾರದು. ವಿನಾಯಕ ಕೃಷ್ಣ ಗೋಕಾಕರು ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಇಂಗ್ಲೀಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಪಡೆದವರು. ಇಂಗ್ಲೀಷರ ಮನೆಯಲ್ಲಿಯೇ ಇಂಗ್ಲೀಷಿನ ಪರೀಕ್ಷೆ ಗೆದ್ದು ಬಂದ ಅವರು ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು ೧೯೮೧ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು. ಆ ವರದಿಗಾಗಿ ನಾಡಿನಾದ್ಯಂತ ಚಳವಳಿ ನಡೆದಾಗ ನಾನು ಸಾಲೆಯ ಹುಡುಗ. ನಮ್ಮ ಮಾಸ್ತರರ ಹಿಂದೆ ಮೆರವಣಿಗೆಯಲ್ಲಿ ನಡೆದಿದ್ದೆ. ಅದೇ ಮುಂದಿನ ವರ್ಷಗಳಲ್ಲಿ ಒಂದು ಪರೀಕ್ಷೆಯಲ್ಲಿ ಇಂಗ್ಲೀಷಿನಲ್ಲಿ ನಪಾಸೂ ಆದೆ. ಎರಡಕ್ಕೂ ಸಂಬಂಧವಿಲ್ಲ, ನಪಾಸಾದುದು ನಾನು ಓದದೆ ಇದ್ದುದರಿಂದ.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲಿನ ರೂಪ ಬೇರೆಯಾಯಿತು. ೧೯೪೮ರ ಸುಮಾರಿಗೆ ಮುಂಬಯಿ ಸರಕಾರ ಐದರಿಂದ ಏಳನೆಯ ಇಯತ್ತೆಯವರೆಗಿನ ಇಂಗ್ಲೀಷನ್ನು ತೆಗೆದು ಎಂಟರಿಂದ ಆರಂಭಿಸಿತು. ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಹೋಗಿ ಎಸ್.ಎಸ್.ಸಿ. ಬಂದಿತು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದಿತು. ನಮ್ಮ ತಂದೆಯವರು ಎ.ಬಿ.ಸಿ.ಡಿ. ಮೊದಲು ಕಂಡದ್ದು ಎಂಟನೆಯ ಇಯತ್ತೆಯಲ್ಲಿ. ಆಗ ಅವರಿಗೆ ಹದಿಮೂರು ವರ್ಷ. ಅವರ ಇಂಗ್ಲೀಷು ಬೆಳೆದುದು ಬಾನುಲಿಯಿಂದ. ಧಾರವಾಡ ಆಕಾಶವಾಣಿ ಕೇಂದ್ರ ೧೯೫೦ರ ಜನವರಿ ೮ರಂದು ಆರಂಭವಾಗಿತ್ತು. ಊರಲ್ಲಿ ಒಬ್ಬರ ಮನೆಯಲ್ಲಿದ್ದ ರೇಡಿಯೋದ ಮುಂದೆ ಕುಳಿತು ರಾತ್ರಿಯ ಇಂಗ್ಲೀಷ್ ವಾರ್ತೆಯನ್ನೂ, ಅದಕ್ಕೆ ಮೊದಲು ಅದೇ ಸುದ್ದಿಯನ್ನು ಕನ್ನಡದಲ್ಲಿಯೂ ಕೇಳಿ, ಯಾವ ಮಾತಿಗೆ ಯಾವ ಮಾತು ಎಂದು ಮನಸ್ಸಿನಲ್ಲಿ ಜೋಡಿಸುತ್ತಿದ್ದರಂತೆ. ಇದಕ್ಕಿಂತ ಒಳ್ಳೆಯ ಅಭ್ಯಾಸಕ್ರಮ ನನಗೆ ಇಂದಿಗೂ ತಿಳಿಯದು. ಅದಕ್ಕೆ ಫೀಯೂ ಇರಲಿಲ್ಲ, ಲೈಸೆನ್ಸಿನ ಹಣವನ್ನು ಆ ಮನೆಯವರು ಕಟ್ಟುತ್ತಿದ್ದರು!

ಇನ್ನು ಹುಡುಗಿಯ ಪರೀಕ್ಷೆಗೆ ಬರೋಣ. ಜಿ.ಆರ್.ಇ. ಎಂಬುದು ಹೊಸದೆಂದು ನಾವು ತಿಳಿಯುತ್ತೇವೆ, ಹಾಗಿಲ್ಲ. ಅಮೇರಿಕೆಯ ಕಾರ್ನೆಗಿ ಪ್ರತಿಷ್ಠಾನವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ಎಂಬ ನಾಲ್ಕು ವಿಶ್ವವಿದ್ಯಾಲಯಗಳ ಜೊತೆ ಕೂಡಿ ೧೯೩೬-೩೭ರ ಸುಮಾರಿಗೆ ಇದನ್ನು ಆರಂಭಿಸಿತು. ೧೯೪೭ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಇ.ಟಿ.ಎಸ್. ಎಂಬ ಪರೀಕ್ಷಾ ಸಂಸ್ಥೆ ಅಲ್ಲಿ ಹುಟ್ಟಿ ಇದನ್ನು ವಹಿಸಿಕೊಂಡಿತು. ಪರದೇಶದವರಿಗೆ ಇಂಗ್ಲೀಷು ಬರುತ್ತದೆಯೇ ಎಂದು ನೋಡುವ ಟೋಫೆಲ್ ೧೯೬೪ರಿಂದ ನಡೆದಿದೆ. ಜಿ.ಆರ್.ಇ. ಅಂಥದಲ್ಲ. ಇಂಗ್ಲೀಷು ಮನೆಮಾತಾದವರೂ ಅದನ್ನು ಬರೆಯುತ್ತಾರೆ, ಅವರೂ ತಡವರಿಸುತ್ತಾರೆ. ಇಂಗ್ಲೀಷಿನ ಭಾಗಕ್ಕೂ ಗಣಿತದ ಭಾಗಕ್ಕೂ ೧೩೦ರಿಂದ ೧೭೦ರವರೆಗೆ ಅಂಕ. ಎಲ್ಲ ತಪ್ಪಾದರೂ ೧೩೦ ಇದ್ದೇ ಇರುತ್ತದೆ. ಆದ್ದರಿಂದ ೧೪೨ ಎಂದರೆ ನೂರಕ್ಕೆ ಮೇಲಿದೆಯೆಂದು ಸಮಾಧಾನಪಡುವ ಹಾಗಿಲ್ಲ. ೧೫೦ರ ಆಸುಪಾಸು ಎಂದರೆ ನಡುಮಟ್ಟ. ೨೦೨೩ರ ಸಪ್ಟೆಂಬರಿನಿಂದ ಇಡೀ ಪರೀಕ್ಷೆಯನ್ನು ಎರಡು ತಾಸಿನೊಳಗೆ ಇಳಿಸಿದ್ದಾರೆ. ಇಂಗ್ಲೀಷಿನ ಭಾಗದಲ್ಲಿ ೨೭ ಪ್ರಶ್ನೆ, ೪೧ ನಿಮಿಷ, ಎರಡು ಕಂತು. ಮೊದಲ ಕಂತಿನಲ್ಲಿ ಹೇಗೆ ಮಾಡಿದಿರಿ ಎಂಬುದನ್ನು ನೋಡಿ ಯಂತ್ರವು ಎರಡನೆಯ ಕಂತನ್ನು ಕಠಿಣವೋ ಸುಲಭವೋ ಆರಿಸುತ್ತದೆ. ಇದರ ಮೇಲೆ ಅರ್ಧ ತಾಸಿನ ಒಂದು ಪ್ರಬಂಧ.

ಹುಡುಗಿ ಒಂದು ಖಾಸಗಿ ತರಬೇತಿ ವರ್ಗಕ್ಕೆ ಹಣ ಕಟ್ಟಿದ್ದಳು. ಅವರು ಕೊಟ್ಟದ್ದು ಅಕಾರಾದಿಯಲ್ಲಿದ್ದ ಒಂದು ಶಬ್ದಪಟ್ಟಿ. ದಿನಕ್ಕೆ ಐವತ್ತು ಶಬ್ದ ಬಾಯಿಪಾಠ ಮಾಡಬೇಕು. ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಹಳೆಯ ಪದ್ಧತಿಯ ಪಂಡಿತ ಶಿಕ್ಷಣ ಪಡೆದವನಾದ ನಾನು ಅಮರಕೋಶವನ್ನು ಬಾಯಿಪಾಠ ಮಾಡಿಯೇ ಬೆಳೆದವನು. ಆದರೆ ಅಮರಸಿಂಹನು ಶಬ್ದಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಲಿಲ್ಲ, ಅರ್ಥದ ಕ್ರಮದಲ್ಲಿ ವರ್ಗ ಮಾಡಿ ಜೋಡಿಸಿದನು. ನೀರಿನ ಹೆಸರುಗಳೆಲ್ಲ ಒಂದು ಕಡೆ, ಬೆಂಕಿಯವು ಒಂದು ಕಡೆ. ಅಕಾರಾದಿ ಇರುವುದು ಹುಡುಕುವುದಕ್ಕೆ, ನೆನಪಿಡುವುದಕ್ಕಲ್ಲ. ಒಂದೇ ಅಕ್ಷರದಿಂದ ಆರಂಭವಾಗುವ ಐವತ್ತು ಶಬ್ದಗಳನ್ನು ಒಟ್ಟಿಗೆ ಕಲಿತರೆ ಒಂದರ ಅರ್ಥ ಇನ್ನೊಂದಕ್ಕೆ ಹತ್ತಿಕೊಳ್ಳದೆ ಇನ್ನೇನಾದೀತು?

ಪಟ್ಟಿಯನ್ನು ಹರಿದು ಹೊಸದಾಗಿ ಬರೆಯೆಂದೆ. ಹಿಡಿಗಂಜಿಗಳ ವರ್ಗ: ಮೈಸರ್ಲಿ, ನಿಗರ್ಡ್ಲಿ, ಪಾರ್ಸಿಮೋನಿಯಸ್, ಪೆನ್ಯೂರಿಯಸ್. ವಾಚಾಳಿಗಳ ವರ್ಗ: ಗ್ಯಾರುಲಸ್, ಲೊಕ್ವೇಶಸ್, ವೋಲ್ಯುಬಲ್. ಅದರ ಎದುರಿಗೆ ಮಿತಭಾಷಿಗಳದು: ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್. (ಈ ಕೊನೆಯದು ಗ್ರೀಸಿನ ಲಕೋನಿಯ ಸೀಮೆಯ ಹೆಸರು; ಸ್ಪಾರ್ಟಾದವರು ಮಾತು ಉಳಿಸುವವರೆಂದು ಪ್ರಸಿದ್ಧರು.) ಹೀಗೆ ಬರೆಯುತ್ತ ಹೋದಾಗ ಅವಳಿಗೇ ಹೊಳೆಯಿತು. ಈ ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆ ಇದೆ: ವಾಕ್ಯದ ಒಂದು ತೆರವಿಗೆ ಆರು ಶಬ್ದ ಕೊಟ್ಟು, ಒಂದೇ ಅರ್ಥ ಬರುವ ಹಾಗೆ ಎರಡನ್ನು ಆರಿಸೆನ್ನುತ್ತಾರೆ. ವರ್ಗ ಮಾಡಿ ಕಲಿತವರಿಗೆ ಜೋಡಿ ತಾನಾಗಿ ಕಾಣುತ್ತದೆ. ಅಮರನ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗ ಎಂದು ಇದೆಯಲ್ಲ, ಅದಕ್ಕೂ ಇಲ್ಲಿ ಕೆಲಸ ಬಿತ್ತು. ‘ಸ್ಯಾಂಕ್ಷನ್’ ಎಂದರೆ ಮಂಜೂರಿಯೂ ಹೌದು, ದಂಡನೆಯೂ ಹೌದು. ‘ಕ್ವಾಲಿಫೈ’ ಎಂದರೆ ಯೋಗ್ಯತೆ ಪಡೆಯುವುದೊಂದೇ ಅಲ್ಲ, ಆಡಿದ ಮಾತಿಗೆ ಮಿತಿ ಹಾಕುವುದೂ ಹೌದು. ಪರೀಕ್ಷಕರು ಬಲೆ ಬೀಸುವುದು ಕಂಡರಿಯದ ಶಬ್ದಗಳಿಗಿಂತ ಇಂಥ ಪರಿಚಿತ ಶಬ್ದಗಳಲ್ಲಿಯೇ ಹೆಚ್ಚು.

ಮುಂದೆ ವಾಕ್ಯ. ಅವಳು ಕೇಳ ಬಂದುದು ಇದನ್ನೇ. ಕನ್ನಡದ ವಾಕ್ಯದಲ್ಲಿ ವಿಶೇಷಣಗಳೆಲ್ಲ ಮೊದಲು, ನಾಮಪದ ಆಮೇಲೆ, ಕ್ರಿಯಾಪದ ತುದಿಗೆ. ನಮ್ಮ ಮನಸ್ಸು ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯಲು ಪಳಗಿದೆ. ಇಂಗ್ಲೀಷಿನಲ್ಲಿ ಕರ್ತೃಪದ ಮೊದಲು ಬಂದು ಬಿಡುತ್ತದೆ. ಅದರ ಬೆನ್ನಿಗೆ ‘ಯಾವುದು, ಯಾರನ್ನು’ ಎಂಬ ಉಪವಾಕ್ಯ, ಅದರ ಹೊಟ್ಟೆಯೊಳಗೆ ಇನ್ನೊಂದು ಉಪವಾಕ್ಯ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಯಾರೆಂಬುದೇ ಮರೆತಿರುತ್ತದೆ. ಪ್ರತಿ ಶಬ್ದದ ಅರ್ಥ ತಿಳಿದಿದ್ದೂ ಗುರುತು ಹತ್ತದಿರುವುದಕ್ಕೆ ಇದೇ ಕಾರಣ.

ಪದ್ಯಕ್ಕೆ ಅನ್ವಯ ಮಾಡುವುದರಲ್ಲಿ ಎರಡು ಕ್ರಮಗಳಿವೆ. ದಂಡಾನ್ವಯದಲ್ಲಿ ಕರ್ತೃ ಮೊದಲಾಗಿ ಎಲ್ಲವನ್ನೂ ಕೋಲಿನಂತೆ ನೇರವಾಗಿ ಜೋಡಿಸುತ್ತಾರೆ. ಖಂಡಾನ್ವಯದಲ್ಲಿ ಕ್ರಿಯಾಪದವನ್ನು ಮೊದಲು ಹಿಡಿದು, ಒಂದೊಂದೇ ಪ್ರಶ್ನೆ ಕೇಳುತ್ತ ಉಳಿದ ಪದಗಳನ್ನು ಎಳೆದು ತರುತ್ತಾರೆ. ಹಳಗನ್ನಡ ಪದ್ಯಗಳನ್ನು ನಾನು ಹುಡುಗರಿಗೆ ಬಿಡಿಸುವುದು ಈ ಎರಡನೆಯ ಕ್ರಮದಿಂದ. ಅವಳ ಪುಸ್ತಕದಲ್ಲಿದ್ದಂಥ ಐದು ಸಾಲಿನ ಒಂದು ವಾಕ್ಯದ ಸಾರ ಹೀಗಿತ್ತೆನ್ನಿ: ಒಂದು ಸಮಿತಿ, ಅದನ್ನು ರಚಿಸುವುದೇ ಬೇಡವೆಂದು ಹಿಂದೆ ವಾದಿಸಿದವರು, ಅವರೇ ಈಗ ಹೊಗಳಿದ ವರದಿ, ಕೊನೆಗೆ ಏನೂ ಬದಲಾಗದಿದ್ದುದು. ಏನಾಯಿತು? ಬದಲಿಸಲಿಲ್ಲ. ಯಾವುದು ಬದಲಿಸಲಿಲ್ಲ? ವರದಿ. ಎಂಥ ವರದಿ? ಹೊಗಳಿಕೆ ಪಡೆದ ವರದಿ. ಯಾರಿಂದ? ಹಿಂದೆ ವಿರೋಧಿಸಿದವರಿಂದ. ಏನನ್ನು ವಿರೋಧಿಸಿದವರು? ಸಮಿತಿಯ ರಚನೆಯನ್ನು. ಐದು ಪ್ರಶ್ನೆಗೆ ಐದು ಸಾಲು ಬಿಚ್ಚಿಕೊಂಡಿತು. ಇಂಗ್ಲೀಷಿನಲ್ಲಿ ನನಗಿಂತ ಹತ್ತು ಪಾಲು ಮೇಲಿದ್ದ ಹುಡುಗಿ, ‘ಇಷ್ಟರೀ?’ ಎಂದಳು. ಇಷ್ಟೇ.

ತೆರವು ತುಂಬುವ ಪ್ರಶ್ನೆಗಳಿಗೆ ಇನ್ನೊಂದು ಸಾಧನ ಬೇಕಾಯಿತು. ಒಂದೇ ವಾಕ್ಯದಲ್ಲಿ ಕೆಲವೊಮ್ಮೆ ಮೂರು ತೆರವು. ಮೂರೂ ಸರಿಯಾದರೆ ಮಾತ್ರ ಅಂಕ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನಿಟ್ಟಿದ್ದಾನೆ. ‘ಆದರೂ, ಆದ್ದರಿಂದ, ಮಾತ್ರವಲ್ಲ’ ಎಂಬಂಥ ಈ ಸಣ್ಣ ಪದಗಳೇ ವಾಕ್ಯ ತಿರುಗುವ ತಿಗುರಿಯ ಮೊಳೆಗಳು. ‘ಮಳೆ ಬಂದರೂ ಕೆರೆ’ ಎಂದು ಬಿಟ್ಟರೆ ಕೆರೆ ತುಂಬಲಿಲ್ಲವೆಂದು ಯಾವ ಮಗುವಾದರೂ ಹೇಳೀತು. ಇಂಗ್ಲೀಷಿನಲ್ಲಿ ದೋ, ಆಲ್‌ಬೀಇಟ್, ಹೆನ್ಸ್, ನೆವರ್‌ದಿಲೆಸ್ ಇತ್ಯಾದಿ. ಮೊದಲು ಇವುಗಳಿಗೆ ಗುಂಡು ಸುತ್ತಿ, ತೆರವಿನ ಅರ್ಥ ಹಾಗೆಯೋ ಹೀಗೆಯೋ ಎಂದು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಮಾತ್ರ ಕೊಟ್ಟ ಶಬ್ದಗಳನ್ನು ನೋಡು ಎಂದೆ. ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯಲು ವೇಳೆ ಎಲ್ಲಿದೆ ಎಂದು ನೀವು ಕೇಳಬಹುದು. ಅವಳೂ ಕೇಳಿದಳು. ಒಂದು ತಿಂಗಳು ಬರೆದ ಮೇಲೆ ಬರೆಯುವ ಅಗತ್ಯವೇ ಉಳಿಯಲಿಲ್ಲ.

ಪ್ರಬಂಧದಲ್ಲಿ ನಾನು ಸೋತೆ. ಒಪ್ಪಿಕೊಳ್ಳಬೇಕಾದ ಮಾತು. ಪೀಠಿಕೆ, ವಿಷಯ ನಿರೂಪಣೆ, ನಡುವೆ ಎರಡು ಗಾದೆ, ಕೊನೆಗೆ ಉಪಸಂಹಾರ ಎಂದು ಮೂವತ್ತು ವರ್ಷ ಹುಡುಗರಿಗೆ ಕಲಿಸಿದ್ದನ್ನೇ ಅವಳಿಗೂ ಹೇಳಿದೆ. ಅವಳು ಹಾಗೆ ಬರೆದು ಮಾದರಿ ಪ್ರಬಂಧಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ಇಬ್ಬರಿಗೂ ನಾಚಿಕೆಯಾಯಿತು. ಅಲ್ಲಿ ಅಲಂಕಾರ ಬೇಡ. ಒಂದು ಹೇಳಿಕೆ ಕೊಟ್ಟು, ನೀನು ಒಪ್ಪುತ್ತೀಯೋ ಇಲ್ಲವೋ, ಎಷ್ಟರ ಮಟ್ಟಿಗೆ, ಯಾಕೆ, ನಿನ್ನ ಮಾತು ಯಾವ ಸಂದರ್ಭದಲ್ಲಿ ಸುಳ್ಳಾದೀತು ಎಂದು ಕೇಳುತ್ತಾರೆ. ಸೊನ್ನೆಯಿಂದ ಆರರವರೆಗೆ ಅಂಕ. ಒಬ್ಬ ಮನುಷ್ಯನೂ ಒಂದು ಯಂತ್ರವೂ ಕೂಡಿ ತಿದ್ದುತ್ತಾರೆ. ಆಗ ನಾನು ರಾನಡೆಯವರ ಕಥೆ ಹೇಳಿದೆ. ಅವರಿಗೆ ದಂಡ ತಂದ ಗುಣವನ್ನೇ ಈ ಪರೀಕ್ಷೆ ಬೇಡುತ್ತಿತ್ತು. ಅವಳಿಗೆ ಇಂಗ್ಲೀಷಿಗಿಂತ ಇದೇ ಕಠಿಣವಾಯಿತು. ನಮ್ಮ ತರಗತಿಗಳಲ್ಲಿ ‘ನಿನಗೇನನಿಸುತ್ತದೆ?’ ಎಂದು ಎಷ್ಟು ಸಲ ಕೇಳಿದ್ದೇವೆ ಎಂದು ನಾನು ಲೆಕ್ಕ ಹಾಕಿ ನೋಡಿದೆ. ಉತ್ತರ ನನ್ನ ಪರವಾಗಿರಲಿಲ್ಲ. ಹಿಡಕಲ್ ಜಲಾಶಯಕ್ಕಾಗಿ ಊರು ಬಿಟ್ಟವರು, ನೀರು ಪಡೆದವರು, ಈ ಎರಡೂ ಕಡೆಯ ನ್ಯಾಯವನ್ನು ಮೊದಲು ಕನ್ನಡದಲ್ಲಿ ಮಾತಾಡು, ಆಮೇಲೆ ಇಂಗ್ಲೀಷಿನಲ್ಲಿ ಬರೆ ಎಂದೆ. ಅಂದಿನ ಪ್ರಬಂಧವೇ ಅವಳ ಮೊದಲ ಒಳ್ಳೆಯ ಪ್ರಬಂಧ. ಅದರಲ್ಲಿ ಗಾದೆ ಇರಲಿಲ್ಲ, ಅವಳ ಅಜ್ಜಿ ಇದ್ದಳು.

ಇನ್ನೊಂದು ಮಾತನ್ನೂ ಹೇಳದೆ ಇರಬಾರದು, ಯಾಕೆಂದರೆ ಈ ಲೇಖನ ಓದಿ ಯಾರಾದರೂ ತಂದೆ ನಾಳೆಯೇ ಸಾಲ ತೆಗೆಯಬಾರದು. ೨೦೨೦ರ ಮಹಾಮಾರಿಯ ಕಾಲದಿಂದ ಅಮೇರಿಕೆಯ ಅನೇಕ ವಿಶ್ವವಿದ್ಯಾಲಯಗಳು ಈ ಪರೀಕ್ಷೆ ಬೇಕೇಬೇಕೆಂಬ ನಿಯಮವನ್ನು ಸಡಿಲಿಸಿವೆ. ಎಲ್ಲಿಗೆ ಅರ್ಜಿ ಹಾಕುತ್ತೇವೋ ಅವರಿಗೆ ಇದು ಬೇಕೋ ಬೇಡವೋ ಎಂದು ಮೊದಲು ನೋಡಬೇಕು. ಅಭ್ಯಾಸಕ್ಕೆ ಪರೀಕ್ಷೆ ನಡೆಸುವವರೇ ಎರಡು ಮಾದರಿ ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತಾರೆ. ತರಬೇತಿ ವರ್ಗಕ್ಕೆ ಹಣ ಸುರಿಯುವ ಮೊದಲು ಅವನ್ನು ಬರೆದು ನೋಡಬಹುದು. ಹುಡುಗಿ ಆರಿಸಿದ ಮೂರರಲ್ಲಿ ಒಂದಕ್ಕೆ ಮಾತ್ರ ಅಂಕ ಕಡ್ಡಾಯವಾಗಿತ್ತು. ಅವಳಿಗೆ ಬೇಕಾದುದೂ ಅದೇ.

ದೀಪಾವಳಿಯ ಹಿಂದಿನ ವಾರ ಅವಳು ಪರೀಕ್ಷೆ ಬರೆದಳು. ಮುಗಿದೊಡನೆ ಪರದೆಯ ಮೇಲೆಯೇ ಅಂಕ ತೋರಿಸುತ್ತಾರೆ; ಮ್ಯಾಟ್ರಿಕ್ ಫಲಿತಾಂಶಕ್ಕಾಗಿ ವಾರಗಟ್ಟಲೆ ಟಪಾಲು ಕಾದ ನಮ್ಮ ಅಜ್ಜಂದಿರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಇಂಗ್ಲೀಷಿನಲ್ಲಿ ೧೫೩. ಬಹಳ ದೊಡ್ಡ ಅಂಕವಲ್ಲ. ಆ ವಿಭಾಗದವರು ಸಾಮಾನ್ಯವಾಗಿ ಕೇಳುವಷ್ಟಕ್ಕೆ ಸಾಕು. ಬಸ್ಸಿನಿಂದಿಳಿದು ನೇರವಾಗಿ ನಮ್ಮ ಮನೆಗೆ ಬಂದಳು. ‘ಅಪ್ಪಗ ಇನ್ನಾ ಹೇಳಿಲ್ರಿ ಸರ್. ಇದು ಚಲೋ ಅಂಕೋ ಕೆಟ್ಟ ಅಂಕೋ ಅಂತ ಅಂವ ಕೇಳತಾನ, ಹೆಂಗ ಹೇಳ್ಲಿ ಅಂತ ಕೇಳಾಕ ಬಂದೆ’ ಎಂದಳು. ೧೩೦ರಿಂದ ೧೭೦ರವರೆಗಿನ ಲೆಕ್ಕವನ್ನು ಕಬ್ಬಿನ ಟನ್ನಿನ ಲೆಕ್ಕದಲ್ಲಿ ಹೇಗೆ ಹೇಳಬೇಕೆಂದು ನಾವಿಬ್ಬರೂ ಸ್ವಲ್ಪ ಹೊತ್ತು ಕುಳಿತು ಯೋಚಿಸಿದೆವು. ಆಮೇಲೆ ನಾನೂ ಅವಳ ಸಂಗಡ ಅವರ ತೋಟದ ಕಡೆಗೆ ಹೊರಟೆ.